ಹದಿನಾಲ್ಕು ಕಂತು ಕಟ್ಟಿದ ಫೋನನ್ನು ಬದಲಿಸಿದ ಬಗೆ

ಕೋಲಾರದ ಎಪಿಎಂಸಿ ಪ್ರಾಂಗಣದ ಟೊಮೆಟೊ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಲೆಕ್ಕದ ಪುಸ್ತಕದಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಹರಾಜು ಶುರುವಾಗುವ ಮುನ್ನ ರೈತರು ತಂದಿಳಿಸಿದ ಲಾಟುಗಳ ಫೋಟೊ ತೆಗೆದು ಹೊರರಾಜ್ಯದ ಖರೀದಿದಾರರಿಗೆ ವಾಟ್ಸಾಪಿನಲ್ಲಿ ಕಳುಹಿಸಬೇಕು. 15 ಕೆಜಿಯ ಬಾಕ್ಸಿನಲ್ಲಿರುವ ಹಣ್ಣಿನ ಬಣ್ಣ, ಗಾತ್ರ, ತೊಟ್ಟಿನ ಸುತ್ತ ಉಳಿದಿರುವ ಹಸಿರು, ಇವೆಲ್ಲವನ್ನೂ ಆ ಚಿತ್ರದಲ್ಲೇ ನೋಡಿ ಅವರು ದರ ಹೇಳುತ್ತಾರೆ. 2025ರ ಮೇ ಕೊನೆಯ ಹೊತ್ತಿಗೆ ನನ್ನ ಫೋನಿನ ಕ್ಯಾಮೆರಾ ಹತ್ತಿರದ ವಸ್ತುವಿನ ಮೇಲೆ ಫೋಕಸ್ ಆಗುವುದನ್ನೇ ಬಿಟ್ಟಿತು. ಚೆನ್ನಾಗಿದ್ದ ಹಣ್ಣು ಚಿತ್ರದಲ್ಲಿ ಮಸುಕಾಗಿ ಕಾಣುತ್ತಿತ್ತು. ಬೆಳೆದವನ ತಪ್ಪೇನೂ ಇಲ್ಲದೆ, ನನ್ನ ಕೈಯಲ್ಲಿದ್ದ ಸಾಧನದ ದೋಷಕ್ಕೆ ಅವನ ಬಾಕ್ಸಿನ ದರ ಇಳಿಯಬಾರದೆಂಬ ಸಂಕಟ ನನಗೆ ದಿನವೂ ಕಾಡತೊಡಗಿತು. ಸುಗ್ಗಿಯ ಮಧ್ಯದಲ್ಲಿ ಫೋನನ್ನು ಸರ್ವಿಸ್ ಸೆಂಟರಿಗೆ ಕೊಟ್ಟು ಕಾಯುವುದು ಸಾಧ್ಯವಿರಲಿಲ್ಲ. ಹೊಸದನ್ನು ಕೊಳ್ಳಲೇಬೇಕಾಗಿತ್ತು, ಆದರೆ ಹಳೆಯದರ ಸಾಲ ಇನ್ನೂ ತೀರಿರಲಿಲ್ಲ.

ಆ ಫೋನನ್ನು ನಾನು 2024ರ ಏಪ್ರಿಲಿನಲ್ಲಿ 26,999 ರೂಪಾಯಿಗೆ ಕೊಂಡಿದ್ದೆ. 2,999 ರೂಪಾಯಿ ಮೊದಲೇ ಕಟ್ಟಿ, ಉಳಿದ 24,000 ರೂಪಾಯಿಗೆ ಹಣಕಾಸು ಸಂಸ್ಥೆಯೊಂದರಿಂದ ಅಂಗಡಿಯಲ್ಲೇ ಸಾಲ ಮಾಡಿಸಿಕೊಂಡಿದ್ದೆ. ತಿಂಗಳಿಗೆ 1,200 ರೂಪಾಯಿಯಂತೆ 24 ಕಂತು. ಪ್ರತಿ ತಿಂಗಳ 2ನೇ ತಾರೀಖು ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಹೋಗುತ್ತಿತ್ತು. 2025ರ ಜೂನ್ 2ಕ್ಕೆ ಹದಿನಾಲ್ಕನೆಯ ಕಂತು ಹೋಗಿತ್ತು, ಒಂದೂ ತಪ್ಪಿರಲಿಲ್ಲ.

ಅದೇ ವಾರ ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಫೋನು ಮಾಡಿದ್ದ. ನನ್ನ ತೊಂದರೆ ಕೇಳಿದವನೇ, "ಮಾಮ, ಅರ್ಧಕ್ಕಿಂತ ಹೆಚ್ಚು ಕಟ್ಟಿದ್ದೀರಲ್ಲ, ನಿಮ್ಮ ಸಿಮ್ ಕಂಪನಿಯವರನ್ನು ಕೇಳಿ. ಹಳೇ ಫೋನ್ ವಾಪಸ್ ತಗೊಂಡು ಹೊಸದು ಕೊಡ್ತಾರೆ, ಉಳಿದ ಕಂತು ಬಿಟ್ಟುಬಿಡ್ತಾರೆ" ಎಂದ. ಅವನು ಹೇಳಿದ್ದು ಅಲ್ಲಿಯ ಮಟ್ಟಿಗೆ ನಿಜ. ಅಲ್ಲಿ ಮೊಬೈಲ್ ಸಂಪರ್ಕ ಕೊಡುವ ಕಂಪನಿಯೇ ಫೋನನ್ನೂ ಮಾರುತ್ತದೆ, ಕಂತಿನ ಹಣವನ್ನೂ ಬಿಲ್ಲಿನ ಜೊತೆಗೇ ವಸೂಲಿ ಮಾಡುತ್ತದೆ. 2008ರಲ್ಲಿ ಐಫೋನ್ 3ಜಿ ಅಲ್ಲಿ 199 ಡಾಲರಿಗೆ ಸಿಕ್ಕಿದ್ದು ಎರಡು ವರ್ಷ ಅದೇ ಕಂಪನಿಯಲ್ಲಿ ಇರುತ್ತೇನೆಂದು ಸಹಿ ಹಾಕಿದವರಿಗೆ ಮಾತ್ರ. ಮಧ್ಯದಲ್ಲಿ ಬಿಟ್ಟರೆ ದಂಡ ಕಟ್ಟಬೇಕಿತ್ತು. 2013ರಲ್ಲಿ ಅಲ್ಲಿಯ ಟಿ-ಮೊಬೈಲ್ ಕಂಪನಿ ಆ ಎರಡು ವರ್ಷದ ಒಪ್ಪಂದವನ್ನು ಕೈಬಿಟ್ಟು ಫೋನಿನ ಬೆಲೆಯನ್ನು ಬೇರೆಯಾಗಿ ಕಂತಿಗೆ ಹಾಕಿತು. ಅದೇ ವರ್ಷದ ಜುಲೈಯಲ್ಲಿ ಅದರ 'ಜಂಪ್', ಎಟಿ ಆ್ಯಂಡ್ ಟಿಯ 'ನೆಕ್ಸ್ಟ್', ವೆರೈಝನ್ನಿನ 'ಎಡ್ಜ್' ಎಂಬ, ಅವಧಿಗೆ ಮುನ್ನವೇ ಫೋನು ಬದಲಿಸಲು ಬಿಡುವ ಯೋಜನೆಗಳು ಒಂದರ ಹಿಂದೊಂದು ಪ್ರಕಟವಾದವು. 2015ರಲ್ಲಿ ಆ್ಯಪಲ್ ಕಂಪನಿಯೇ 24 ಕಂತುಗಳಲ್ಲಿ 12 ಕಟ್ಟಿದವರಿಗೆ ಹೊಸ ಐಫೋನು ಕೊಡುವ ಯೋಜನೆಯನ್ನು ಅಲ್ಲಿ ತಂದಿತು. ಅವಧಿಗೆ ಮುನ್ನ ಬದಲಿಸುವ 'ಅರ್ಹತೆ' ಎಂಬ ಮಾತು ಹುಟ್ಟುವುದು ಇಂತಹ ಲೆಕ್ಕದಿಂದ: ಇಂತಿಷ್ಟು ಭಾಗ ಕಟ್ಟಿರಬೇಕು, ಫೋನು ಒಡೆಯದೆ ಇರಬೇಕು, ಅದನ್ನು ಹಿಂದಿರುಗಿಸಬೇಕು, ಆ ಸೌಲಭ್ಯಕ್ಕಾಗಿ ಕೆಲವು ಕಡೆ ತಿಂಗಳಿಗಿಷ್ಟು ಎಂದು ಹೆಚ್ಚುವರಿ ಹಣವನ್ನೂ ಕೊಡುತ್ತಿರಬೇಕು. ನನ್ನ ಅಳಿಯ ಅಂಥದ್ದೊಂದು ಯೋಜನೆಯಲ್ಲಿದ್ದ. ಆದರೂ ಅವನು ಒಂದು ಎಚ್ಚರಿಕೆ ಹೇಳಿದ್ದು ನೆನಪಿದೆ. ಅಲ್ಲಿ ದೊಡ್ಡ ರಿಯಾಯಿತಿಯನ್ನು ಒಮ್ಮೆಗೇ ಕೊಡದೆ 24 ಅಥವಾ 36 ತಿಂಗಳ ಬಿಲ್ಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತಾರಂತೆ. ಮಧ್ಯದಲ್ಲಿ ಸಂಪರ್ಕ ಬಿಟ್ಟವನಿಗೆ ಉಳಿದ ತಿಂಗಳುಗಳ ರಿಯಾಯಿತಿ ಸಿಗುವುದಿಲ್ಲ.

ನಮ್ಮಲ್ಲಿ ಇಂಥದ್ದು ಎಂದೂ ಇರಲಿಲ್ಲವೆಂದಲ್ಲ. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಕಟ್ಟಿಸಿಕೊಂಡು ಫೋನನ್ನೂ ಸಂಪರ್ಕವನ್ನೂ ಒಟ್ಟಿಗೆ ಕೊಟ್ಟಿದ್ದನ್ನು ನಾನು ಕಂಡಿದ್ದೇನೆ. ಸಿಡಿಎಂಎ ಎಂಬ ತಂತ್ರಜ್ಞಾನದ ಆ ಫೋನಿಗೆ ಸಿಮ್ಮೇ ಇರಲಿಲ್ಲ, ನಂಬರು ಹ್ಯಾಂಡ್‌ಸೆಟ್ಟಿನೊಳಗೇ ಇರುತ್ತಿತ್ತು. 2017ರಲ್ಲಿ ಏರ್‌ಟೆಲ್ ತನ್ನ ಆನ್‌ಲೈನ್ ಅಂಗಡಿಯಲ್ಲಿ ಐಫೋನ್ 7ನ್ನು ಮುಂಗಡ ಹಣ ಮತ್ತು 24 ಕಂತಿಗೆ ಪೋಸ್ಟ್‌ಪೇಯ್ಡ್ ಯೋಜನೆಯ ಜೊತೆ ಸೇರಿಸಿ ಕೊಟ್ಟಿತ್ತು. 2021ರ ದೀಪಾವಳಿಗೆ ಬಂದ ಜಿಯೋಫೋನ್ ನೆಕ್ಸ್ಟ್ ಕೂಡ 1,999 ರೂಪಾಯಿ ಮುಂಗಡ ಮತ್ತು ಕಂತುಗಳಲ್ಲಿ ಡೇಟಾ ಸಮೇತ ಸಿಗುತ್ತಿತ್ತು. ಆದರೆ ನಮ್ಮ ದೇಶದ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಂಪರ್ಕಗಳು ಪ್ರೀಪೇಯ್ಡ್. ನನ್ನದೂ ಹಾಗೆಯೇ. ನಾನು ರೀಚಾರ್ಜ್ ಮಾಡಿಸುವ ಕಂಪನಿಗೆ ನನ್ನ ಫೋನಿನ ಕಂತಿನ ವಿಷಯ ಗೊತ್ತಿಲ್ಲ, ಗೊತ್ತಿರಬೇಕಾದ ಕಾರಣವೂ ಇಲ್ಲ. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರು ಪೋರ್ಟ್ ಮಾಡುವ ಹಕ್ಕು ಬಂದಿರುವುದರಿಂದ ಬೇಕಾದರೆ 1900ಕ್ಕೆ ಒಂದು ಸಂದೇಶ ಕಳಿಸಿ, ಅದೇ ನಂಬರಿನಲ್ಲಿ ನಾನು ಬೇರೆ ಕಂಪನಿಗೆ ಹೋಗಬಹುದು. ಹೋದರೂ ಫೋನಿನ ಕಂತು ಹಾಗೆಯೇ ಉಳಿಯುತ್ತದೆ. ಅಳಿಯನ ಒಂದೇ ಗಂಟಿನಲ್ಲಿ ಸಂಪರ್ಕ, ಸಾಧನ, ಸಾಲ ಮೂರೂ ಇದ್ದವು. ನನ್ನವು ಮೂರು ಬೇರೆ ಬೇರೆ ಗಂಟುಗಳು, ಒಂದೊಂದನ್ನೂ ಬೇರೆ ಬೇರೆ ಕಡೆ ಬಿಚ್ಚಿಸಬೇಕು. ಇದನ್ನು ಮೊದಲೇ ಅರಿತಿದ್ದರೆ ನನಗೆ ಹತ್ತೊಂಬತ್ತು ದಿನ ಹಿಡಿಯುತ್ತಿರಲಿಲ್ಲ.

ಜೂನ್ 8ರ ಭಾನುವಾರ ನಾನು ಕೋಲಾರದ ಎಂ.ಜಿ. ರಸ್ತೆಯಲ್ಲಿರುವ ಮೊಬೈಲ್ ಅಂಗಡಿಗೆ ಹೋದೆ. ನಾನು ಮೆಚ್ಚಿದ ಫೋನಿನ ಬೆಲೆ 31,999 ರೂಪಾಯಿ. ಹಳೆಯ ಫೋನು ಕೊಟ್ಟರೆ ಅದರ ಬೆಲೆಯ ಮೇಲೆ 2,000 ರೂಪಾಯಿ ಎಕ್ಸ್‌ಚೇಂಜ್ ಬೋನಸ್, ಒಂದು ನಿರ್ದಿಷ್ಟ ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ 1,500 ರೂಪಾಯಿ ಕಡಿತ ಎಂದು ಫಲಕದಲ್ಲಿ ಬರೆದಿತ್ತು. ಜೂನ್ 30 ಕಡೆಯ ದಿನ. ನಾನು ಮನಸ್ಸಿನಲ್ಲೇ ಎರಡನ್ನೂ ಕೂಡಿಸಿಕೊಂಡೆ. ಅಂಗಡಿಯ ಹುಡುಗ ನನ್ನ ಫೋನಿನಲ್ಲಿ ಪರೀಕ್ಷೆಯ ಆ್ಯಪ್ ಹಾಕಿ, ಪರದೆ, ಸ್ಪೀಕರ್, ಚಾರ್ಜಿಂಗ್, ಕ್ಯಾಮೆರಾ ಎಲ್ಲವನ್ನೂ ಒಂದೊಂದಾಗಿ ನೋಡಿದ. ಕ್ಯಾಮೆರಾ ದೋಷ ಕಳೆದು 7,200 ರೂಪಾಯಿ ಎಂದು ಬಂತು. ಕೊನೆಗೆ ಆ್ಯಪ್ ಇನ್ನೊಂದು ಮಾತು ತೋರಿಸಿತು. ಆ ಸಾಧನ ಬೇರೊಂದು ಸಂಸ್ಥೆಯ ನಿರ್ವಹಣೆಯಲ್ಲಿರುವುದರಿಂದ ಅದನ್ನು ಸ್ವೀಕರಿಸಲಾಗದು. "ಸಾರ್, ಇದರಲ್ಲಿ ಫೈನಾನ್ಸ್ ಲಾಕ್ ಇದೆ. ಲೋನ್ ಕ್ಲೋಸ್ ಮಾಡಿ, ಲಾಕ್ ತೆಗೆಸ್ಕೊಂಡು ಬನ್ನಿ. ಅಲ್ಲಿವರೆಗೂ ಇದನ್ನ ಯಾರೂ ತಗೊಳ್ಳಲ್ಲ" ಎಂದು ಅವನು ಸೌಜನ್ಯದಿಂದಲೇ ಹೇಳಿ ಫೋನನ್ನು ಕೈಗಿತ್ತ.

ಈ ಲಾಕ್ ಏನೆಂಬುದನ್ನು ವಿವರಿಸುವುದು ಅಗತ್ಯ, ಏಕೆಂದರೆ ಕಂತಿನಲ್ಲಿ ಫೋನು ಕೊಂಡ ಅನೇಕರಿಗೆ ಅದು ತಮ್ಮ ಫೋನಿನಲ್ಲಿ ಇರುವುದೇ ತಿಳಿದಿಲ್ಲ. ಸಾಲ ಮಂಜೂರಾದ ಕೂಡಲೇ, ಪೆಟ್ಟಿಗೆಯಿಂದ ಹೊರತೆಗೆದ ಹೊಸ ಫೋನನ್ನು ಮೊದಲ ಬಾರಿ ಚಾಲೂ ಮಾಡುವಾಗಲೇ, ಒಂದು ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಸಾಲ ಕೊಟ್ಟವರ ಆ್ಯಪ್ ಒಂದನ್ನು ಹಾಕುತ್ತಾರೆ. ಕಚೇರಿಗಳು ತಮ್ಮ ನೌಕರರಿಗೆ ಕೊಡುವ ಫೋನುಗಳ ಮೇಲೆ ಹಿಡಿತ ಇಟ್ಟುಕೊಳ್ಳಲು ಆಂಡ್ರಾಯ್ಡಿನಲ್ಲಿರುವ ವ್ಯವಸ್ಥೆಯನ್ನೇ ಇದಕ್ಕೂ ಬಳಸುತ್ತಾರೆ. ಸಾಮಾನ್ಯ ಆ್ಯಪಿನಂತೆ ಅದನ್ನು ಅಳಿಸಲಾಗದು. ಕಂತು ತಪ್ಪಿದರೆ ಮೊದಲು ಎಚ್ಚರಿಕೆ ತೋರಿಸಿ, ಆಮೇಲೆ ಫೋನಿನ ಬಳಕೆಯನ್ನೇ ತಡೆಯುವ ಶಕ್ತಿ ಅದಕ್ಕಿರುತ್ತದೆ. ನಾನು ಕಂತು ತಪ್ಪಿಸದೇ ಇದ್ದುದರಿಂದ ಹದಿನಾಲ್ಕು ತಿಂಗಳು ಅದು ಒಳಗೇ ಸುಮ್ಮನಿತ್ತು. ಮನೆಗೆ ಬಂದು ಹಳೆಯ ಇಮೇಲ್ ಹುಡುಕಿದಾಗ ಸಾಲದ ಜೊತೆ ಬಂದಿದ್ದ ಕಡತದಲ್ಲಿ ಅದರ ಉಲ್ಲೇಖ ಇತ್ತು. ಮೊದಲ ದಿನ ಅದನ್ನು ಓದದೆ ಒಪ್ಪಿಗೆ ಕೊಟ್ಟಿದ್ದೆ.

ಆ ಕಡತದಲ್ಲೇ ಸಾಲದ ಮುಖ್ಯಾಂಶಗಳ ಪತ್ರವೂ ಇತ್ತು, ಸಾಲ ಕೊಡುವವರು ಅದನ್ನು ಕೆಎಫ್‌ಎಸ್ ಎನ್ನುತ್ತಾರೆ. ವಾರ್ಷಿಕ ಬಡ್ಡಿಯ ನಿಜವಾದ ದರ, ಎಲ್ಲ ಶುಲ್ಕಗಳು, ಅವಧಿಗೆ ಮುನ್ನ ಮುಗಿಸಿದರೆ ಕಟ್ಟಬೇಕಾದದ್ದು, ದೂರು ಕೇಳುವ ಅಧಿಕಾರಿ ಯಾರು ಎಂಬುದೆಲ್ಲ ಅದರಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕ್ 2022ರ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ಕಡ್ಡಾಯ ಮಾಡಿತು. ಅಂಗಡಿಯಲ್ಲಿ ನನಗೆ ಹೇಳಿದ್ದು "ಹತ್ತು ಪರ್ಸೆಂಟ್ ಬಡ್ಡಿ" ಎಂದು. 24,000ಕ್ಕೆ ಎರಡು ವರ್ಷಕ್ಕೆ ಶೇ. 10ರಂತೆ 4,800 ರೂಪಾಯಿ ಬಡ್ಡಿ, ಒಟ್ಟು 28,800, ಅದನ್ನು 24ರಿಂದ ಭಾಗಿಸಿದರೆ 1,200. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಾನು ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಾ ಬರುತ್ತಿದ್ದರೂ ಬಡ್ಡಿಯನ್ನು ಪೂರ್ತಿ 24,000ದ ಮೇಲೇ ಹಾಕಿದ್ದರಿಂದ, ಬಾಕಿ ಅಸಲಿನ ಮೇಲೆ ನೋಡಿದರೆ ಆ ದರ ಶೇ. 18ಕ್ಕಿಂತಲೂ ಸ್ವಲ್ಪ ಹೆಚ್ಚು. ಮುಖ್ಯಾಂಶಗಳ ಪತ್ರದಲ್ಲಿ ಅದೇ ಅಂಕಿ ಮುದ್ರಿತವಾಗಿತ್ತು.

ಜೂನ್ 9ರಂದು ಸಾಲ ಸಂಸ್ಥೆಯ ಆ್ಯಪಿನಲ್ಲಿ ಮುಕ್ತಾಯದ ಮೊತ್ತದ ಪತ್ರವನ್ನು ಕೇಳಿದೆ. ಎರಡನೆಯ ದಿನ ಬಂತು. ಅಸಲು ಬಾಕಿ 11,059 ರೂಪಾಯಿ, ಅದರ ಮೇಲೆ ಶೇ. 4ರಂತೆ ಮುಕ್ತಾಯ ಶುಲ್ಕ 442, ಆ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ 80, ಜೂನ್ 2ರಿಂದ 11ರವರೆಗಿನ ಒಂಬತ್ತು ದಿನದ ಬಡ್ಡಿ 50. ಒಟ್ಟು 11,631 ರೂಪಾಯಿ. ನಾನು ಲೆಕ್ಕ ಬರೆಯುವವನೇ ಆದರೂ ಈ ಅಂಕಿಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಉಳಿದ ಹತ್ತು ಕಂತನ್ನು ತಿಂಗಳು ತಿಂಗಳಿಗೆ ಕಟ್ಟಿದ್ದರೆ 12,000. ಹತ್ತು ತಿಂಗಳು ಮೊದಲೇ ಒಂದೇ ಗಂಟಿನಲ್ಲಿ ಕಟ್ಟಿದ್ದಕ್ಕೆ ಉಳಿದದ್ದು 369 ರೂಪಾಯಿ. ಕಾರಣ ಹುಡುಕುವುದು ಕಷ್ಟವೇನಲ್ಲ. ಕಂತಿನ ಮೊದಲ ತಿಂಗಳುಗಳಲ್ಲಿ ಬಡ್ಡಿಯ ಪಾಲು ಹೆಚ್ಚು, ಕೊನೆಯ ತಿಂಗಳುಗಳಲ್ಲಿ ಅಸಲಿನ ಪಾಲು ಹೆಚ್ಚು. ಒಟ್ಟು 4,800 ರೂಪಾಯಿ ಬಡ್ಡಿಯಲ್ಲಿ 3,859 ರೂಪಾಯಿಯನ್ನು ನಾನು ಮೊದಲ ಹದಿನಾಲ್ಕು ಕಂತಿನಲ್ಲೇ ಕಟ್ಟಿ ಮುಗಿಸಿದ್ದೆ. ಉಳಿಸಲು ಇದ್ದದ್ದೇ 941 ರೂಪಾಯಿ, ಅದರಲ್ಲೂ ಹೆಚ್ಚಿನ ಪಾಲು ಶುಲ್ಕಕ್ಕೆ ಹೋಯಿತು. ಬದಲಾಗುವ ಬಡ್ಡಿಯ ಮನೆಸಾಲದಂತಹವುಗಳನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ಇಂತಹ ಶುಲ್ಕ ತೆಗೆದುಕೊಳ್ಳಬಾರದೆಂಬ ನಿಯಮ ಇದೆ. ನಿಗದಿತ ಬಡ್ಡಿಯ ಫೋನ್ ಸಾಲಕ್ಕೆ ಆ ರಕ್ಷಣೆ ಇಲ್ಲ. ಚಿಕ್ಕ ಸಾಲ ಮಾಡುವವರಿಗೇ ಆ ರಕ್ಷಣೆ ಹೆಚ್ಚು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಾತ್ರಿ ಲೆಕ್ಕದ ಹಾಳೆ ನೋಡಿದ ನನ್ನ ಹೆಂಡತಿ, "ರೀ, ಇನ್ನು ಹತ್ತು ತಿಂಗಳು ಹೇಗಾದರೂ ತಳ್ಳಿಬಿಡಬಹುದಲ್ವಾ?" ಎಂದಳು. ಹಣದ ದೃಷ್ಟಿಯಿಂದ ಅವಳ ಮಾತೇ ಸರಿಯಿತ್ತು. ಸುಗ್ಗಿಯ ಆ ಎರಡು ತಿಂಗಳು ಇಲ್ಲದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಜೂನ್ 11ರ ಬುಧವಾರ ಆ್ಯಪಿನಲ್ಲೇ 11,631 ರೂಪಾಯಿ ಕಟ್ಟಿದೆ. ಸಂಸ್ಥೆಯವರ ಹೆಸರಿನಲ್ಲಿ ಯಾರೋ ಕರೆಮಾಡಿ ಕೊಡುವ ಯುಪಿಐ ನಂಬರಿಗೆ ಇಂಥ ಹಣವನ್ನು ಕಳುಹಿಸಬಾರದೆಂದು ನಮ್ಮ ಮಂಡಿಯ ಯಜಮಾನರು ನೆನಪಿಸಿದ್ದರು. ಆ ಎಚ್ಚರ ಎಲ್ಲರಿಗೂ ಇರಬೇಕು.

ಹಣ ಕಟ್ಟಿದ ಮೂರನೆಯ ದಿನ, ಜೂನ್ 14ರಂದು, ಸಾಲ ತೀರಿದೆ ಎಂಬ ಪತ್ರ, ಅಂದರೆ ಎನ್‌ಓಸಿ ಬಂತು. ಲಾಕ್ ಮಾತ್ರ ಹೋಗಲಿಲ್ಲ. ಗ್ರಾಹಕ ಸೇವೆಗೆ ಕರೆಮಾಡಿದರೆ ಒಬ್ಬರು 48 ಗಂಟೆ ಎಂದರು, ಇನ್ನೊಬ್ಬರು ಏಳು ಕೆಲಸದ ದಿನ ಎಂದರು, ಮೂರನೆಯವರು ಫೋನನ್ನು ಕೊಂಡ ಅಂಗಡಿಯಲ್ಲೇ ತೆಗೆಯಬೇಕೆಂದರು. ಅಂಗಡಿಯವರು ಅದು ತಮ್ಮ ಕೈಯಲ್ಲಿಲ್ಲ ಎಂದರು. ಕೊನೆಯ ಮಾತೇ ನಿಜ, ಏಕೆಂದರೆ ಸಾಲ ಕೊಟ್ಟವರು ತಮ್ಮ ಕಡೆಯಿಂದ ಆ ಫೋನಿನ ಐಎಂಇಐ ನಂಬರನ್ನು, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆಯನ್ನು, ಬಿಡುಗಡೆ ಮಾಡಿದ ಹೊರತು ಬೇರೆ ಯಾರಿಗೂ ಅದನ್ನು ತೆಗೆಯಲಾಗದು. ಸಾಲ ತೀರಿ, ತೀರಿದೆ ಎಂಬ ಪತ್ರವೂ ಕೈಸೇರಿದ ಮೇಲೆ ನನ್ನ ವಸ್ತುವಿನ ಮೇಲೆ ಅವರ ಬೀಗ ಉಳಿದಿದ್ದುದು ನನಗೆ ತುಂಬಾ ನೋವು ತಂದಿತು. ಜೂನ್ 17ರಂದು ಮುಖ್ಯಾಂಶಗಳ ಪತ್ರದಲ್ಲಿದ್ದ ದೂರು ಅಧಿಕಾರಿಯ ವಿಳಾಸಕ್ಕೆ ಇಮೇಲ್ ಬರೆದೆ. ಸಾಲದ ಖಾತೆಯ ಸಂಖ್ಯೆ, ಹಣ ಕಟ್ಟಿದ ದಿನಾಂಕ ಮತ್ತು ವಹಿವಾಟಿನ ಸಂಖ್ಯೆ, ಎನ್‌ಓಸಿಯ ಪ್ರತಿ, ಫೋನಿನಲ್ಲಿ *#06# ಒತ್ತಿದಾಗ ಬರುವ 15 ಅಂಕಿಗಳ ಐಎಂಇಐ, ಲಾಕ್ ಆ್ಯಪ್ ಇನ್ನೂ ಇರುವುದರ ಚಿತ್ರ, ಇವಿಷ್ಟನ್ನು ಸೇರಿಸಿದೆ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್ ಬಳಿ ಹೋಗುವುದಾಗಿಯೂ ಕೊನೆಯಲ್ಲಿ ಬರೆದೆ. ಬ್ಯಾಂಕುಗಳಿಗೂ ದೊಡ್ಡ ಹಣಕಾಸು ಸಂಸ್ಥೆಗಳಿಗೂ ಸೇರಿ ಒಂದೇ ಒಂಬುಡ್ಸ್‌ಮನ್ ವ್ಯವಸ್ಥೆ 2021ರ ನವೆಂಬರಿನಿಂದ ಇದೆ, ದೂರಿಗೆ ಶುಲ್ಕವಿಲ್ಲ, 14448ಕ್ಕೆ ಕರೆಮಾಡಿ ಮಾಹಿತಿ ಪಡೆಯಬಹುದು. ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಫೋನು ಒಮ್ಮೆ ತಾನಾಗಿ ಆರಿ ಹೊತ್ತಿತು, ಆ ಆ್ಯಪ್ ಕಾಣೆಯಾಗಿತ್ತು.

ಜೂನ್ 19ರಂದು ಉತ್ಸಾಹದಿಂದ ಮತ್ತೆ ಅಂಗಡಿಗೆ ಹೋದೆ. ಈ ಬಾರಿ ಬೇರೊಂದು ಹಣಕಾಸು ಸಂಸ್ಥೆಯ ಪ್ರತಿನಿಧಿ ನನ್ನ ಪ್ಯಾನ್ ನಂಬರು ಹಾಕಿ ನೋಡಿ, ನನ್ನ ಹೆಸರಿನಲ್ಲಿ ಹಳೆಯ ಸಾಲ ಇನ್ನೂ ಚಾಲ್ತಿಯಲ್ಲಿದೆ, ಆದ್ದರಿಂದ 10,000 ರೂಪಾಯಿಗಿಂತ ಹೆಚ್ಚು ಹೊಸ ಸಾಲ ಬರುತ್ತಿಲ್ಲ ಎಂದ. ಎನ್‌ಓಸಿ ತೋರಿಸಿದೆ. "ಅಣ್ಣ, ಪೇಪರ್ ಸರಿಯಾಗಿದೆ, ಸಿಸ್ಟಮ್ ತಗೋಬೇಕಲ್ಲ" ಎಂದ. ಅವನನ್ನು ದೂರುವಂತಿರಲಿಲ್ಲ. ಸಾಲದ ಇತಿಹಾಸವನ್ನು ಇಡುವ ಸಂಸ್ಥೆಗಳಿಗೆ, ಅಂದರೆ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್‌ಗಳಿಗೆ, ಸಾಲ ಕೊಟ್ಟವರು 2025ರ ಜನವರಿಯಿಂದ ತಿಂಗಳ 15ಕ್ಕೂ ಕೊನೆಯ ದಿನಕ್ಕೂ ಇದ್ದ ಸ್ಥಿತಿಯನ್ನು ಏಳು ದಿನದೊಳಗೆ ತಿಳಿಸಬೇಕಿತ್ತು. ಅದಕ್ಕೂ ಮೊದಲು ಇದು ತಿಂಗಳಿಗೊಮ್ಮೆ ಮಾತ್ರ ಇತ್ತು. ನಾನು ತೀರಿಸಿದ್ದು 11ರಂದು, ಆದ್ದರಿಂದ 15ರ ಪಟ್ಟಿಯಲ್ಲಿ ಅದು ಸೇರಿ, 22ರೊಳಗೆ ಅಲ್ಲಿಗೆ ತಲುಪಿ, ಆಮೇಲೆ ಕೆಲವು ದಿನದಲ್ಲಿ ನನ್ನ ವರದಿಯಲ್ಲಿ ಕಾಣಬೇಕು. ಬೋನಸ್ಸಿನ ಕಡೆಯ ದಿನ 30. ಹಳೆಯ ಪದ್ಧತಿಯೇ ಇದ್ದಿದ್ದರೆ ನನಗೆ ಆ ಬೋನಸ್ಸು ತಪ್ಪಿಹೋಗುತ್ತಿತ್ತು.

ಆ ಒಂದು ವಾರ ಮಂಡಿಯಲ್ಲಿ ಪಕ್ಕದ ಹುಡುಗನ ಫೋನಿನಿಂದ ಚಿತ್ರ ಕಳುಹಿಸಿ ಕಾಲ ಹಾಕಿದೆ. ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಈ ನಾಲ್ಕೂ ಸಂಸ್ಥೆಗಳು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಜೂನ್ 26ರ ಗುರುವಾರ ಸಂಜೆ ಒಂದು ವರದಿ ತೆಗೆಸಿ ನೋಡಿದೆ. ಹಳೆಯ ಸಾಲದ ಮುಂದೆ ಮುಕ್ತಾಯ ಎಂದು ಬಂದಿತ್ತು, ಬಾಕಿ ಸೊನ್ನೆ. ಮರುದಿನ ಹರಾಜು ಮುಗಿಯುತ್ತಿದ್ದಂತೆ ಅಂಗಡಿಗೆ ಹೋದೆ.

ಅಲ್ಲಿ ತಿಳಿದ ಮೊದಲ ವಿಷಯವೆಂದರೆ ಎಕ್ಸ್‌ಚೇಂಜ್ ಬೋನಸ್ ಮತ್ತು ಕಾರ್ಡಿನ ಕಡಿತ ಒಟ್ಟಿಗೆ ಸಿಗುವುದಿಲ್ಲ ಎಂಬುದು. ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ಫಲಕದ ಕೆಳಗೆ ಚಿಕ್ಕ ಅಕ್ಷರದಲ್ಲಿ ಅದು ಇತ್ತಂತೆ. ನಾನು 2,000 ರೂಪಾಯಿಯ ಬೋನಸ್ಸನ್ನೇ ಆರಿಸಿಕೊಂಡೆ. ಎರಡನೆಯದು, ಹಳೆಯ ಫೋನಿನ ಪರದೆಯ ಒಂದು ಮೂಲೆಯಲ್ಲಿ ಬೆಳಕಿನ ಕಲೆ ಕಂಡು 7,200 ಇದ್ದ ಬೆಲೆ 6,400ಕ್ಕೆ ಇಳಿಯಿತು. ಜೂನ್ 8ರಂದು ಅದು ಇತ್ತೋ ಇಲ್ಲವೋ, ನಾನು ವಾದಿಸಲಿಲ್ಲ. ಆ ದಿನದ ಬೆಲೆಯನ್ನು ಬರೆದುಕೊಟ್ಟವರು ಯಾರೂ ಇರಲಿಲ್ಲ. 31,999ರಲ್ಲಿ 6,400 ಮತ್ತು 2,000 ಕಳೆದು 23,599 ರೂಪಾಯಿ ಉಳಿಯಿತು.

ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಮಾತ್ರ ಪೂರ್ತಿ 31,999ರ ಮೇಲೇ ಹಾಕಿದ್ದರು. 23,599 ಕೊಡುವವನಿಗೆ 31,999ರ ತೆರಿಗೆ ಏಕೆಂದು ನಮ್ಮ ಮಂಡಿಯ ಆಡಿಟರನ್ನು ಅಲ್ಲಿಂದಲೇ ಫೋನಿನಲ್ಲಿ ಕೇಳಿದೆ. ಅವರ ಉತ್ತರ ನನಗೆ ಹೊಸದು. ಜಿಎಸ್‌ಟಿ ನಿಯಮಾವಳಿಯ 27ನೇ ನಿಯಮಕ್ಕೆ ಕೊಟ್ಟಿರುವ ಉದಾಹರಣೆಯೇ ಹಳೆಯ ಫೋನನ್ನು ಕೊಟ್ಟು ಹೊಸದನ್ನು ಕೊಳ್ಳುವುದರ ಕುರಿತದ್ದು. ಹಳೆಯದನ್ನು ಕೊಟ್ಟು 20,000ಕ್ಕೆ ಕೊಂಡರೂ, ವಿನಿಮಯವಿಲ್ಲದೆ ಅದರ ಬೆಲೆ 24,000 ಆಗಿದ್ದರೆ ತೆರಿಗೆಗೆ ಎಣಿಸುವ ಮೌಲ್ಯ 24,000. ನಾವು ಕೊಡುವ ಹಳೆಯ ಫೋನೂ ಹಣದಂತೆಯೇ ಬೆಲೆಯ ಒಂದು ಭಾಗವೆಂಬುದು ಅದರ ತರ್ಕ. ಅಂಗಡಿಯವರು ಸರಿಯಾಗಿಯೇ ಬರೆದಿದ್ದರು.

5,599 ರೂಪಾಯಿ ಕೈಯಿಂದ ಕೊಟ್ಟು, 18,000ಕ್ಕೆ ತಿಂಗಳಿಗೆ 2,000ದಂತೆ ಒಂಬತ್ತು ಕಂತು ಮಾಡಿಸಿದೆ. ಇದನ್ನು ಬಡ್ಡಿಯಿಲ್ಲದ ಕಂತು ಎಂದರು. 24 ತಿಂಗಳ ಆಯ್ಕೆಯೂ ಇತ್ತು, ಬೇಡವೆಂದೆ. ಈ ಬಾರಿ ಒಪ್ಪಿಗೆಯ ಒಟಿಪಿ ಹೇಳುವ ಮೊದಲು ಮುಖ್ಯಾಂಶಗಳ ಪತ್ರವನ್ನು ಕೇಳಿದೆ. ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಹೇಳಿದೆ, ಆದ್ದರಿಂದ ಕನ್ನಡದಲ್ಲೇ ಕೊಡಿ ಎಂದೆ. ಪ್ರತಿನಿಧಿ ಸ್ವಲ್ಪ ಹೊತ್ತು ಟ್ಯಾಬ್ಲೆಟ್ಟಿನಲ್ಲಿ ಹುಡುಕಿ ಭಾಷೆ ಬದಲಿಸುವ ಗುಂಡಿಯನ್ನು ಕಂಡುಕೊಂಡ. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಬಡ್ಡಿ ಸೊನ್ನೆ ಎಂದಿದ್ದರೂ 599 ರೂಪಾಯಿಯ ಸಂಸ್ಕರಣಾ ಶುಲ್ಕ ಇದ್ದುದರಿಂದ ವಾರ್ಷಿಕ ದರ ಶೇ. 8ಕ್ಕಿಂತ ಸ್ವಲ್ಪ ಹೆಚ್ಚು ಎಂದು ಅದರಲ್ಲಿತ್ತು. ಪರದೆ ಒಡೆದರೆ ಸಿಗುವ ವಿಮೆಯೊಂದನ್ನು ನನ್ನನ್ನು ಕೇಳದೆಯೇ ಸೇರಿಸಿದ್ದರು, ತೆಗೆಸಿದೆ. ಸಾಲ ಬೇಡವೆನಿಸಿದರೆ ಅಸಲನ್ನೂ ಬಳಸಿದ ದಿನಗಳ ವೆಚ್ಚವನ್ನೂ ಕಟ್ಟಿ ದಂಡವಿಲ್ಲದೆ ಹೊರಬರುವ ಆರಂಭದ ಅವಧಿ ಎಷ್ಟು ದಿನ ಎಂಬುದನ್ನೂ ನೋಡಿಕೊಂಡೆ. ಈ ಫೋನಿಗೂ ಲಾಕ್ ಇದೆ. ಕಂತು ತೀರಿದ ಎಷ್ಟು ದಿನದಲ್ಲಿ ತೆಗೆಯುತ್ತಾರೆ ಎಂಬುದನ್ನು ಇಮೇಲಿನಲ್ಲಿ ಬರೆಸಿಕೊಂಡೆ.

ಹಳೆಯ ಫೋನನ್ನು ಕೊಡುವ ಮುನ್ನ ಗೂಗಲ್ ಖಾತೆಯನ್ನು ಅದರಿಂದ ತೆಗೆದು, ಆಮೇಲೆ ಪೂರ್ತಿ ಅಳಿಸಿದೆ. ಖಾತೆ ತೆಗೆಯದೆ ಅಳಿಸಿದರೆ ಮುಂದೆ ಅದನ್ನು ಚಾಲೂ ಮಾಡುವವರಿಗೆ ನನ್ನ ಗುಪ್ತಪದವನ್ನೇ ಕೇಳುವ ಸಂಭವವಿದೆ. ಸಿಮ್ಮನ್ನು ಬದಲಿಸದೆ ಅದನ್ನೇ ಹೊಸದಕ್ಕೆ ಹಾಕಿಕೊಂಡೆ, ಹೊಸ ಸಿಮ್ ತೆಗೆದುಕೊಂಡಿದ್ದರೆ ಮೊದಲ 24 ಗಂಟೆ ಎಸ್‌ಎಂಎಸ್ ನಿಲ್ಲುತ್ತದೆ, ಯುಪಿಐ ಮತ್ತೆ ನೋಂದಾಯಿಸುವುದಕ್ಕೂ ಬ್ಯಾಂಕಿನ ಒಟಿಪಿಗೂ ಕಾಯಬೇಕಾಗುತ್ತಿತ್ತು. ಹಳೆಯ ಫೋನಿನ ಐಎಂಇಐಯನ್ನು ಬಿಲ್ಲಿನ ಮೇಲೆ ಬರೆಸಿ, ಇಂಥ ದಿನ ಪಡೆದುಕೊಂಡೆವು ಎಂದು ಅಂಗಡಿಯ ಮೊಹರು ಹಾಕಿಸಿಕೊಂಡೆ. ನಾಳೆ ಆ ಫೋನು ಯಾರ ಕೈಗೆ ಹೋಗಿ ಯಾವುದಕ್ಕೆ ಬಳಕೆಯಾದರೂ ಅದು ನನ್ನ ಕೈಬಿಟ್ಟ ದಿನಕ್ಕೆ ದಾಖಲೆ ಇರಬೇಕು. ಹೊಸ ಫೋನು ಅಸಲಿಯೇ ಎಂದು ನೋಡಲು, ಕೆವೈಎಂ (KYM) ಎಂಬ ಅಕ್ಷರಗಳ ನಂತರ ಅದರ ಐಎಂಇಐಯನ್ನು ಬರೆದು 14422ಕ್ಕೆ ಸಂದೇಶ ಕಳುಹಿಸಿದಾಗ ಕಂಪನಿಯ ಹೆಸರು, ಮಾದರಿ ಎರಡೂ ಸರಿಯಾಗಿ ಬಂದವು.

ಅಂದು ರಾತ್ರಿ ಅಳಿಯನಿಗೆ ಲೆಕ್ಕ ಹೇಳಿದೆ. ಹಳೆಯ ಫೋನನ್ನು ಬಿಡಿಸಿಕೊಳ್ಳಲು 11,631 ಕೊಟ್ಟೆ, ಬೋನಸ್ ಸೇರಿ ಅದರಿಂದ ಬಂದದ್ದು 8,400. ಅಂದರೆ ಅವಧಿಗೆ ಮುನ್ನ ಬದಲಿಸಿದ್ದಕ್ಕೆ ನನಗೆ ಸಿಕ್ಕಿದ ರಿಯಾಯಿತಿ ಹಳೆಯ ಸಾಲವನ್ನೇ ಪೂರ್ತಿ ತುಂಬಲಿಲ್ಲ, 3,231 ರೂಪಾಯಿ ಕೈಯಿಂದ ಹೋಯಿತು. 26,999 ರೂಪಾಯಿಯ ಫೋನಿಗೆ ಮುಂಗಡ, ಕಂತು, ಮುಕ್ತಾಯ ಎಲ್ಲ ಸೇರಿ ನಾನು ಕೊಟ್ಟದ್ದು 31,430. ಅವನ ಯೋಜನೆಯಲ್ಲಾದರೆ ಬಾಕಿ ಅಸಲನ್ನು ಬಿಟ್ಟುಕೊಡುತ್ತಿದ್ದರು ಎಂದು ಅವನು ಹೇಳಿದ. ನಿಜ, ಆದರೆ ಅದಕ್ಕಾಗಿ ಅವನು ಪ್ರತಿ ತಿಂಗಳೂ ಕಟ್ಟುವ ಹೆಚ್ಚುವರಿ ಹಣವನ್ನೂ, ಸಂಪರ್ಕದ ದುಬಾರಿ ಬಿಲ್ಲನ್ನೂ ನಾವಿಬ್ಬರೂ ಕೂಡಿಸಿ ನೋಡಿದೆವು. ಯಾರಿಗೆ ಹೆಚ್ಚು ಖರ್ಚಾಯಿತೆಂದು ಒಂದೇ ಮಾತಿನಲ್ಲಿ ಹೇಳಲಾಗಲಿಲ್ಲ. ನನ್ನ ಪಕ್ಕದ ಮಂಡಿಯವರು ಕೇಳಿದರೆ ನಾನು ಈಗ ಹೇಳುವ ಕ್ರಮ ಇದು: ಅಂಗಡಿಗೆ ಹೋಗುವುದಕ್ಕೆ ಮೊದಲು ಮುಕ್ತಾಯದ ಮೊತ್ತ ತರಿಸಿಕೊಳ್ಳಿ. ಅದು ಎಕ್ಸ್‌ಚೇಂಜ್ ಬೆಲೆಗಿಂತ ಹೆಚ್ಚಿದ್ದರೆ, ಫೋನು ಕೆಲಸ ಮಾಡುತ್ತಿರುವವರೆಗೂ ಕಾಯಿರಿ. ಕಾಯಲಾಗದಿದ್ದರೆ ತಿಂಗಳ ಮೊದಲ ವಾರದಲ್ಲೇ ಸಾಲ ಮುಗಿಸಿ.

ಜುಲೈ 2ಕ್ಕೆ ಹಳೆಯ ಸಾಲದ ಕಂತು ಹೋಗಲಿಲ್ಲ. ಆದರೆ ಬ್ಯಾಂಕಿನ ಆ್ಯಪಿನಲ್ಲಿ ನೋಡಿದಾಗ ತಾನಾಗಿ ಹಣ ತೆಗೆಯಲು ನಾನು ಕೊಟ್ಟಿದ್ದ ನ್ಯಾಚ್ ಅನುಮತಿ 2026ರವರೆಗೆ ಚಾಲ್ತಿಯಲ್ಲೇ ಇತ್ತು. ಸಾಲ ಮುಗಿದರೂ ಅದು ತಾನಾಗಿ ರದ್ದಾಗಿರಲಿಲ್ಲ. ಮರುದಿನ ಮಂಡಿಯಿಂದ ಸ್ವಲ್ಪ ಬೇಗ ಹೊರಟು ಬ್ಯಾಂಕಿಗೆ ಹೋಗಿ, ಎನ್‌ಓಸಿಯ ಪ್ರತಿಯನ್ನು ಸೇರಿಸಿ ಅರ್ಜಿ ಕೊಟ್ಟು ರದ್ದು ಮಾಡಿಸಿದೆ. ಅದರ ಸ್ವೀಕೃತಿಯನ್ನೂ, ಮೊಹರು ಹಾಕಿಸಿದ ಬಿಲ್ಲನ್ನೂ, ಹೊಸ ಸಾಲದ ಕನ್ನಡದ ಮುಖ್ಯಾಂಶಗಳ ಪತ್ರವನ್ನೂ ಒಂದೇ ಕವರಿನಲ್ಲಿಟ್ಟು ಲೆಕ್ಕದ ಪುಸ್ತಕದ ಕೆಳಗೆ ಇರಿಸಿದ್ದೇನೆ. ಒಂಬತ್ತನೆಯ ಕಂತು ಮುಗಿದ ದಿನ ಅದನ್ನು ತೆರೆಯಬೇಕು.